ಕೊಟ್ಟಿಗೆಯಲ್ಲಿ ಹುಟ್ಟಿದ ಯಂತ್ರ

ಎತ್ತುಗಳನ್ನು ಮಾರಿದ ಮೇಲೆ ನಮ್ಮ ಮನೆಯ ಕೊಟ್ಟಿಗೆ ಒಂದು ಮಳೆಗಾಲ ಪೂರ್ತಿ ಖಾಲಿ ಇತ್ತು. ಆಮೇಲೆ ಅಪ್ಪ ಹೊನ್ನಾಳಿಯ ರೈತರೊಬ್ಬರ ಹತ್ತಿರ ಹೊಲ ಉಳುವ ಹಳೆಯ ಟಿಲ್ಲರ್ ಯಂತ್ರ ಕೊಂಡು, ತಾನೇ ಓಡಿಸಿಕೊಂಡು ಬಂದು, ಎತ್ತು ಕಟ್ಟುತ್ತಿದ್ದ ಜಾಗದಲ್ಲೇ ನಿಲ್ಲಿಸಿದ. ಸಂತೇಬೆನ್ನೂರಿನ ಕಡೆಯ ನಮ್ಮ ಊರಿನಲ್ಲಿ ಆಗಿನ ಮನೆಗಳೆಲ್ಲ ಒಂದೇ ಥರ. ತಲೆಬಾಗಿಲು ದಾಟಿದರೆ ಎಡಕ್ಕೆ ಕೊಟ್ಟಿಗೆ, ಬಲಕ್ಕೆ ಮೊಳದೆತ್ತರದ ಪಡಸಾಲೆ, ಎರಡರ ನಡುವೆ ಗೋಡೆಯಿಲ್ಲ. ಪಡಸಾಲೆಯಲ್ಲಿ ಊಟಕ್ಕೆ ಕೂತವರಿಗೆ ಎತ್ತುಗಳ ಉಸಿರು ಕೇಳುತ್ತಿತ್ತು. ಈಗ ಅಲ್ಲಿ ಟಿಲ್ಲರ್ ನಿಂತಿತ್ತು, ಹುರುಳಿಕಟ್ಟಿನ ಸಾರಿನ ವಾಸನೆಗೆ ಡೀಸೆಲ್ ವಾಸನೆ ಸೇರಿಕೊಂಡಿತ್ತು. ಅವ್ವನಿಗೆ ಅದು ಹಿಡಿಸಲಿಲ್ಲ.

"ಎತ್ತಾಗಿದ್ರೆ ಸಗಣಿನಾದ್ರೂ ಕೊಡ್ತಿದ್ವು. ಇದು ಎಣ್ಣೆ ಕುಡಿದು ನೆಲಕ್ಕೆ ಉಗುಳ್ತೈತೆ," ಅನ್ನುತ್ತಿದ್ದಳು.

ನನಗೆ ಮಾತ್ರ ಆ ಟಿಲ್ಲರ್ ಬಂದದ್ದೇ ಒಂದು ಪದವಿ ಸಿಕ್ಕಂತಾಯಿತು. ಅಪ್ಪ ಅದನ್ನು ಬಿಚ್ಚುವಾಗ, ಕಟ್ಟುವಾಗ ಬೋಲ್ಟು ತಿರುಗಿಸುವ ಪಾನಾಗಳನ್ನು ಎತ್ತಿಕೊಡುವ ಕೆಲಸ ನನ್ನದು. ಗೋಣಿಚೀಲ ಹಾಸಿ, ಸಣ್ಣದರಿಂದ ದೊಡ್ಡದಕ್ಕೆ ಅವನ್ನು ಸಾಲಾಗಿ ಜೋಡಿಸಿಟ್ಟುಕೊಂಡು ಅಪ್ಪನ ಬಲಗಡೆ ಕೂರುತ್ತಿದ್ದೆ. ಅಪ್ಪ ಎಂಜಿನ್ ಒಳಗಿಂದ ಕಣ್ಣು ತೆಗೆಯದೆ "ಹದಿನಾಲ್ಕು" ಅನ್ನುತ್ತಿದ್ದ, ಬಲಗೈ ಚಾಚುತ್ತಿದ್ದ, ಹದಿನಾಲ್ಕರ ಪಾನಾ ಅವನ ಅಂಗೈಯಲ್ಲಿರುತ್ತಿತ್ತು. ನನಗಾಗ ಹನ್ನೊಂದು ವರ್ಷ. ತಮ್ಮ ಇನ್ನೂ ಅವ್ವನ ಸೊಂಟದ ಮೇಲಿದ್ದ. ಅಪ್ಪ ಹೆಚ್ಚು ಮಾತಿನವನಲ್ಲ, ಹೊಗಳಿದ್ದಂತೂ ನೆನಪೇ ಇಲ್ಲ. ಆದರೆ ತಿರುಗಿ ನೋಡದೆ ಕೈ ಚಾಚುತ್ತಿದ್ದನಲ್ಲ, ನನಗೆ ಅಷ್ಟು ಸಾಕಾಗಿತ್ತು. ಊರಲ್ಲಿ ಬೇರೆ ಯಾವ ಅಪ್ಪನೂ ಯಾವ ಮಗಳ ಕಡೆಗೂ ಹಾಗೆ ಕೈ ಚಾಚುತ್ತಿರಲಿಲ್ಲ ಎಂದು ನಾನು ನಂಬಿದ್ದೆ.

ಮನೆ ಮುಂದೆ ಸಿಮೆಂಟಿನ ಕಣವಿತ್ತು. ಮೆಕ್ಕೆಜೋಳ ಒಕ್ಕಣೆಯಾದ ಮೇಲೆ ಕಾಳನ್ನು ಅಲ್ಲಿ ಹರಡಿ ಏಳೆಂಟು ದಿನ ಒಣಗಿಸಬೇಕು. ಸರಿಯಾಗಿ ಅದೇ ಹೊತ್ತಿಗೆ ಹಿಂಗಾರು ಮಳೆ. ಮಧ್ಯಾಹ್ನ ಸುಡುವ ಬಿಸಿಲಿರುತ್ತದೆ, ಮೂರು ಗಂಟೆಗೆ ದಾವಣಗೆರೆ ಕಡೆ ಮೋಡ ಏಳುತ್ತದೆ, ಅರ್ಧ ಗಂಟೆಯಲ್ಲಿ ಮಳೆ ಕಣದ ಮೇಲಿರುತ್ತದೆ. ಆ ಅರ್ಧ ಗಂಟೆಯಲ್ಲಿ ಮನೆಮಂದಿಯೆಲ್ಲ ಮರದ ಹಲಗೆ ಹಿಡಿದು ಕಾಳು ಬಾಚಿ, ರಾಶಿ ಮಾಡಿ, ಬುಟ್ಟಿಯಲ್ಲಿ ಹೊತ್ತು ಪಡಸಾಲೆಗೆ ಸುರಿಯಬೇಕು. ಹಿಂದಿನ ವರ್ಷ ನಾವು ಸೋತಿದ್ದೆವು. ಕಾಳು ನೆನೆದು, ಮುಗ್ಗಲು ಹಿಡಿದು, ಕಣದಲ್ಲೇ ಬಿಳಿ ಮೊಳಕೆ ಬಂದಿತ್ತು. ಅವ್ವನ ಸೊಂಟ ಹಿಡಿದುಕೊಂಡದ್ದೂ ಆವತ್ತೇ. ಅವಳು ಗೋಡೆ ಹಿಡಿದು ಏಳುವುದನ್ನು ನೋಡಿದ್ದ ಅಪ್ಪ ಮರುವರ್ಷ ಟಿಲ್ಲರ್‌ನ ಹಿಂದಿದ್ದ ಉಳುವ ಹಲ್ಲುಗಳನ್ನೆಲ್ಲ ಬಿಚ್ಚಿ, ಮುಂದಕ್ಕೆ ಒಂದು ತಗಡಿನ ಹಲಗೆ ಕಟ್ಟಿದ. ಡಾಂಬರಿನ ಡ್ರಮ್ಮನ್ನು ಉದ್ದಕ್ಕೆ ಸೀಳಿ ಮಾಡಿದ, ಮೂರು ಮೊಳ ಅಗಲದ, ಬಾಗಿದ ಹಲಗೆ. ಅದರ ಹದಿನಾರು ಬೋಲ್ಟುಗಳನ್ನು ಎತ್ತಿಕೊಟ್ಟವಳು ನಾನು. ಟಿಲ್ಲರ್ ಓಡಿಸಿದರೆ ಹಲಗೆ ಕಾಳನ್ನು ದೂಡಿಕೊಂಡು ಹೋಗುತ್ತಿತ್ತು. ಆದರೆ ನಾಲ್ಕು ಮಾರು ಹೋಗುವಷ್ಟರಲ್ಲಿ ಕಾಳು ಎರಡೂ ಬದಿಗೆ ಸೋರಿ, ಹಿಂದೆ ಎರಡು ಉದ್ದನೆಯ ಬದು ಬೀಳುತ್ತಿತ್ತು. ಅದನ್ನು ಮತ್ತೆ ನಾವೇ ಬಾಚಬೇಕು. ಆದರೂ ನನಗೆ ಅದು ಜಗತ್ತಿನ ದೊಡ್ಡ ಯಂತ್ರ. ಶಾಲೆಯಲ್ಲಿ ಅದನ್ನು "ನಾನು, ನಮ್ಮಪ್ಪ ಮಾಡಿದ್ದು" ಎಂದೇ ಹೇಳುತ್ತಿದ್ದೆ.

ಗಿರಿಜತ್ತೆ ಬಂದದ್ದು ಆ ಹೊತ್ತಿನಲ್ಲಿ. ಅವಳು ಅಪ್ಪನ ತಂಗಿ, ಒಬ್ಬಳೇ ತಂಗಿ. ಜಗಳೂರಿಗೆ ಕೊಟ್ಟಿದ್ದರು. ಅವಳ ಗಂಡನದು ಹಿಟ್ಟಿನ ಗಿರಣಿ. ಮದುವೆಯಾದ ಎರಡನೇ ವರ್ಷದಿಂದ ಗಂಡನಿಗೆ ಎದೆಯ ಕಾಯಿಲೆ, ಹಿಟ್ಟಿನ ಧೂಳಿನಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಹಾಗಾಗಿ ಗಿರಣಿ ನಡೆಸಿದ್ದು ಅತ್ತೆ. ಕಲ್ಲು ಕೆತ್ತುವುದು, ಬೆಲ್ಟ್ ಬಿಗಿ ಮಾಡುವುದು, ಬೇರಿಂಗಿಗೆ ಗ್ರೀಸ್ ತುಂಬುವುದು ಎಲ್ಲ ಅವಳೇ. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ತಿಂಗಳಲ್ಲೇ ಮೈದುನ ಗಿರಣಿಯ ಬೀಗದಕೈ ಇಸಿದುಕೊಂಡನಂತೆ. ಒಂದು ಟ್ರಂಕು ಹಿಡಿದು ನಮ್ಮ ತಲೆಬಾಗಿಲಲ್ಲಿ ನಿಂತಾಗ ಅವಳಿಗೆ ಮೂವತ್ತು ದಾಟಿತ್ತೋ ಇಲ್ಲವೋ. ಬೋಳುಹಣೆಯಲ್ಲಿ ಮೂರು ಬೆರಳ ವಿಭೂತಿ, ಹುಬ್ಬಿನ ಕೂದಲಿನಲ್ಲಿ ಇನ್ನೂ ಹಿಟ್ಟಿದೆಯೇನೋ ಅನ್ನುವ ಹಾಗಿನ ಬೂದು ಬಣ್ಣ.

ಮೊದಲ ತಿಂಗಳು ಅವಳು ನನಗೆ ಇಷ್ಟವಾಗಿದ್ದಳು. ನಾನು ಮಲಗುತ್ತಿದ್ದ ಸಣ್ಣ ಕೋಣೆಯಲ್ಲೇ ಅವಳಿಗೂ ಹಾಸಿಗೆ. ಬೆಳಗ್ಗೆ ನನ್ನ ಜಡೆ ಹೆಣೆಯುತ್ತಿದ್ದಳು, ಅವ್ವನಿಗಿಂತ ಬಿಗಿಯಾಗಿ, ಸಂಜೆಯವರೆಗೂ ಬಿಚ್ಚುತ್ತಿರಲಿಲ್ಲ. ಆದರೆ ಒಂದು ದಿನ ಕಣದಲ್ಲಿ ಅಪ್ಪ ಟಿಲ್ಲರ್ ಓಡಿಸುತ್ತಿದ್ದಾಗ ಅವಳು ಕಟ್ಟೆಯ ಮೇಲೆ ಕೂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು ಬಂದಳು.

"ಅಣ್ಣ, ನಿನ್ನ ಹಲಗೆ ದೂಡ್ತೈತೆ. ಮೇಲಕ್ಕೆ ಎತ್ತಲ್ಲ."

"ಎತ್ತಾಕೆ ಅದೇನು ಕೈ ಐತೇನು?"

"ಕೈ ಮಾಡಬೇಕು. ಗಿರಣಿಯಾಗೆ ಕಾಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಾಕೆ ತಿರುಪು ಇರ್ತೈತೆ. ಅದನ್ನ ಅಡ್ಡ ಮಲಗಿಸಿದ್ರೆ ಎರಡು ಕಡೆಯ ಕಾಳೂ ನಡುವಿಗೆ ಬರ್ತೈತೆ. ನಡುವಿಗೊಂದು ಫ್ಯಾನು ಇಟ್ರೆ ಮೇಲಕ್ಕೆ ಒಗೀತೈತೆ."

ಹಾಗೆ ಹೇಳುತ್ತ ಹರಡಿದ್ದ ಕಾಳಿನ ಮೇಲೆಯೇ ಬೆರಳಿನಿಂದ ಬರೆದು ತೋರಿಸಿದಳು. ಒಂದು ಉದ್ದ ಗೀರು, ಅದರ ಸುತ್ತ ಬಳ್ಳಿಯಂತೆ ಸುತ್ತಿದ ಇನ್ನೊಂದು ಗೀರು, ನಡುವೆ ಒಂದು ವೃತ್ತ, ಅಲ್ಲಿಂದ ಮೇಲಕ್ಕೊಂದು ಕೊಳವೆ. ಅಪ್ಪ ಟಿಲ್ಲರ್ ಆರಿಸಿ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತ. ನಾನು ಅವನ ಬಲಗಡೆ ನಿಂತಿದ್ದೆ. ಅವನು ಆ ಚಿತ್ರವನ್ನು ನೋಡಿದ ಹಾಗೆ ಯಾವತ್ತೂ ನನ್ನ ಮುಖ ನೋಡಿರಲಿಲ್ಲ. ಕಾಲಿನಿಂದ ಆ ಚಿತ್ರ ಕೆಡಿಸಬೇಕು ಅನ್ನಿಸಿತು. ಕೆಡಿಸಲಿಲ್ಲ. ಸಂಜೆ ಕಾಳು ಬಾಚುವಾಗ ಮೊದಲು ಆ ಜಾಗವನ್ನೇ ಬಾಚಿದೆ.

ಅಲ್ಲಿಂದ ಮುಂದೆ ಕೊಟ್ಟಿಗೆ ಅವರಿಬ್ಬರದಾಯಿತು. ಸಂತೆಯ ದಿನ ಇಬ್ಬರೂ ಅಪ್ಪನ ಮೊಪೆಡ್ ಹತ್ತಿ ಸಂತೇಬೆನ್ನೂರಿಗೆ ಹೋಗಿ ವೆಲ್ಡಿಂಗ್ ಅಂಗಡಿಯಲ್ಲಿ ಕೂತು ಬರುತ್ತಿದ್ದರು. ಡ್ರಮ್ಮಿನ ಮುಚ್ಚಳಗಳನ್ನು ದುಂಡಗೆ ಕತ್ತರಿಸಿ, ಒಂದು ಕಡೆ ಸೀಳಿ, ಎಳೆದು, ನೀರಿನ ಪೈಪಿನ ಸುತ್ತ ಬೆಸೆದರೆ ತಿರುಪು. ಎಡಭಾಗದ್ದು ಒಂದು ದಿಕ್ಕಿಗೆ, ಬಲಭಾಗದ್ದು ಇನ್ನೊಂದು ದಿಕ್ಕಿಗೆ. ಎಂಜಿನ್ನಿನ ಗಾಲಿಯಿಂದ ಬೆಲ್ಟ್ ಎಳೆದು ಅದನ್ನು ತಿರುಗಿಸಬೇಕು. ಮೊಪೆಡ್ಡಿನ ಹಿಂದಿನ ಸೀಟು ಅಲ್ಲಿಯವರೆಗೆ ನನ್ನದಾಗಿತ್ತು. ಸಂತೆಗೆ ಹೋದರೆ ಅಪ್ಪ ನನಗೆ ಒಂದು ಪೊಟ್ಟಣ ಮಂಡಕ್ಕಿ ಕೊಡಿಸುತ್ತಿದ್ದ. ಈಗ ಮಂಡಕ್ಕಿ ಮನೆಗೇ ಬರುತ್ತಿತ್ತು, ಅತ್ತೆಯ ಕೈಯಲ್ಲಿ. ನಾನು ತಿನ್ನುತ್ತಿರಲಿಲ್ಲ. ಹೊಟ್ಟೆನೋವು ಅನ್ನುತ್ತಿದ್ದೆ.

ಅಡುಗೆಮನೆಯಲ್ಲಿ ನನ್ನ ಕಡೆಯವಳು ಒಬ್ಬಳಿದ್ದಳು. ಅವ್ವನಿಗೂ ಉರಿಯುತ್ತಿತ್ತು. ಅಪ್ಪ ಮೊದಲು ರೊಟ್ಟಿ ಹೆಂಚಿನಿಂದ ಇಳಿದ ಹಾಗೆ ಬಂದು ಒಲೆಯ ಮುಂದೆ ಕೂತು ಉಣ್ಣುತ್ತಿದ್ದವನು. ಈಗ ಕರೆದರೆ "ಬಂದೆ" ಅನ್ನುತ್ತಿದ್ದ, ಬರುತ್ತಿರಲಿಲ್ಲ. ಅವ್ವ ರೊಟ್ಟಿಯ ಮೇಲೆ ರೊಟ್ಟಿ ಹೇರಿ, ಪಲ್ಯದ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿ ಕೂರುತ್ತಿದ್ದಳು.

"ಅಣ್ಣ ತಂಗಿಗೆ ಕಬ್ಬಿಣನೇ ಹೊಟ್ಟೆ ತುಂಬಿಸ್ತೈತಂತೆ," ಅನ್ನುವಳು.

"ನೀನ್ಯಾಕೆ ಅತ್ತೆಗೆ ಹೇಳಬಾರದು?"

"ಏನಂತ ಹೇಳಲಿ? ನನ್ನ ಗಂಡನ ಜೊತೆ ಯಂತ್ರ ಮಾಡಬ್ಯಾಡ ಅಂತಲಾ? ತವರಿಗೆ ಬಂದ ಹೆಣ್ಣು ಅದು. ತುತ್ತು ಎಣಿಸಿದೆ ಅನ್ನಿಸ್ಕೊಳ್ಳಾಕೆ ನನಗೆ ಆಗಲ್ಲ."

ನನಗೆ ಅಂಥ ಮರ್ಯಾದೆಯ ಅಡ್ಡಿ ಇರಲಿಲ್ಲ. ಒಂದು ಬೆಳಗ್ಗೆ ಗೋಣಿಚೀಲದ ಮೇಲಿನ ಪಾನಾಗಳನ್ನೆಲ್ಲ ಬೇಕೆಂದೇ ಕಲಸಿಟ್ಟೆ. ಅಪ್ಪ "ಹದಿನೇಳು" ಎಂದು ಕೈ ಚಾಚಿದಾಗ ಹದಿನಾಲ್ಕನ್ನು ಇಟ್ಟೆ. ಬೋಲ್ಟ್‌ಗೆ ಹತ್ತಲಿಲ್ಲ. ಮತ್ತೆ ಕೇಳಿದ. ಹತ್ತೊಂಬತ್ತನ್ನು ಇಟ್ಟೆ. ಅದು ಜಾರಿ ಅವನ ಬೆರಳಗಂಟು ತಗಡಿಗೆ ಬಡಿದು ರಕ್ತ ಬಂತು. ಅತ್ತೆ ಒಂದು ಸಲ ಗೋಣಿಚೀಲದ ಕಡೆ, ಒಂದು ಸಲ ನನ್ನ ಕಡೆ ನೋಡಿದಳು. ಪಾನಾಗಳನ್ನು ಒಂದೊಂದೇ ಸಾಲಿಗೆ ಹಾಕಿದಳು. ಅಪ್ಪನಿಗೂ ಅರ್ಥವಾಗಿತ್ತು ಅಂತ ಕಾಣುತ್ತದೆ. ಬೆರಳನ್ನು ಬಾಯಲ್ಲಿಟ್ಟುಕೊಂಡು, ಬೈಯದೆ, ಸಾಮಾನ್ಯ ದನಿಯಲ್ಲಿ ಹೇಳಿದ:

"ಸುಮಿ, ನೀನು ಹೋಗಿ ಓದ್ಕೋ. ಗಿರಿಜಾ, ಇನ್ನು ನೀನೇ ಕೊಡವ್ವ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಪದವಿಯನ್ನು ನಾನೇ ಕೈಯಾರೆ ಅವಳಿಗೆ ಕೊಟ್ಟ ಹಾಗಾಗಿತ್ತು. ಆ ಸಂಜೆ ಅತ್ತೆ ಜಡೆ ಬಿಚ್ಚಲು ಕರೆದಾಗ ನಾನೇ ಎಳೆದು ಬಿಚ್ಚಿಕೊಂಡೆ, ಕೂದಲು ಕಿತ್ತುಬಂತು. "ನಾಳೆಯಿಂದ ಅವ್ವ ಹಾಕ್ತಾಳೆ," ಅಂದೆ. ಅವಳು "ಆಯ್ತು" ಅಂದಳು.

ಆಯುಧಪೂಜೆಯ ದಿನ ಇನ್ನೊಂದಾಯಿತು. ಟಿಲ್ಲರ್ ಬಂದಾಗಿನಿಂದ ಅದಕ್ಕೆ ಕುಂಕುಮ ಹಚ್ಚುತ್ತಿದ್ದವಳು ನಾನು. ಆ ವರ್ಷ ಯಂತ್ರವನ್ನು ಕಣಕ್ಕೆ ತಂದು, ತೊಳೆದು, ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಇಟ್ಟಿದ್ದೆವು. ನಾನು ಕುಂಕುಮದ ತಟ್ಟೆ ಹಿಡಿದು ಮುಂದೆ ಬಂದೆ. ಅಪ್ಪ ನನ್ನ ಭುಜದ ಮೇಲೆ ಕೈಯಿಟ್ಟು ತಡೆದ.

"ಮೊದಲು ಗಿರಿಜಾ ಹಚ್ಚಲಿ. ಅವಳದ್ದು ಅದು."

ಅವ್ವ ಆರತಿಗೆ ಎಣ್ಣೆ ಹಾಕುತ್ತಿದ್ದವಳು ಹಾಗೇ ನಿಂತಳು. ನೆರೆಮನೆಯ ಹೆಂಗಸರು ಇಬ್ಬರು ಇದ್ದರು. ಗಂಡನಿಲ್ಲದವಳು ಕುಂಕುಮ ಮುಟ್ಟುವುದೇ ಎಂದು ಅವರು ಬಾಯಿಬಿಟ್ಟು ಕೇಳಲಿಲ್ಲ, ಸೆರಗು ಸರಿಮಾಡಿಕೊಂಡರು. ಅತ್ತೆ ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು. ನನ್ನ ತಟ್ಟೆಯ ಕುಂಕುಮ ಬಿಟ್ಟು, ಪಕ್ಕದಲ್ಲಿದ್ದ ವಿಭೂತಿಗಟ್ಟಿ ತೆಗೆದುಕೊಂಡು ತಗಡಿನ ಮೇಲೆ ಮೂರು ಬೆರಳಿನಿಂದ ನಿಧಾನವಾಗಿ ಎಳೆದಳು. ಆಮೇಲೆ ನನ್ನ ಕಡೆ ತಿರುಗಿ "ಈಗ ನೀನು" ಅಂದಳು. ಅವಳು ಅಷ್ಟು ಚಂದವಾಗಿ ನಡೆದುಕೊಂಡದ್ದು ನನ್ನ ಉರಿಗೆ ಇನ್ನಷ್ಟು ಎಣ್ಣೆ ಹಾಕಿತು. "ಅವಳದ್ದು ಅದು" ಎಂಬ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಹಲಗೆಯ ಹದಿನಾರು ಬೋಲ್ಟು ಯಾರು ಕೊಟ್ಟದ್ದು ಎಂದು ಕೇಳಬೇಕೆಂದಿದ್ದೆ.

ಯಂತ್ರ ಮೊದಲ ಸಲ ಓಡಿದಾಗ ಕೆಟ್ಟಿತು. ಕೆಡಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡದ್ದೂ ಹೌದು. ತಿರುಪು ಕಾಳನ್ನು ನಡುವಿಗೆ ತಂದಿತು, ಫ್ಯಾನು ಅದನ್ನು ಕೊಳವೆಯಿಂದ ಮೇಲಕ್ಕೆ ಎಸೆಯಿತು, ಆದರೆ ತಿರುಪಿನ ಅಂಚಿಗೂ ಹಲಗೆಗೂ ನಡುವೆ ಸಿಕ್ಕ ಕಾಳೆಲ್ಲ ಒಡೆದು ನುಚ್ಚಾಗಿ ಬಂತು. ನುಚ್ಚನ್ನು ಯಾವ ವ್ಯಾಪಾರಿಯೂ ಮುಟ್ಟುವುದಿಲ್ಲ. ಅವ್ವ ಒಂದು ಹಿಡಿ ಎತ್ತಿ ನೋಡಿ, ತಿಂಗಳಿಂದ ತಡೆದಿಟ್ಟುಕೊಂಡದ್ದನ್ನು ಆಡಿಬಿಟ್ಟಳು.

"ಕಣದಾಗೆ ಗಿರಣಿ ಹಾಕಿದ್ರಲ್ಲ. ಗಂಡನ ಮನೇದು ಹೋದ್ರೆ ಏನಂತೆ, ಇಲ್ಲೊಂದಾಯ್ತು."

ಅಪ್ಪ ಅವ್ವನನ್ನು ದಿಟ್ಟಿಸಿದ. ನಾನು ನಕ್ಕೆ, ಜೋರಾಗಿಯೇ ನಕ್ಕೆ. ಅತ್ತೆ ನುಚ್ಚನ್ನು ಬುಟ್ಟಿಗೆ ತುಂಬಿ ನೆರೆಯವರ ಕೋಳಿಗಳಿಗೆ ಹಾಕಿ ಬಂದಳು. ಮೂರನೇ ದಿನ ಲಾರಿಯ ಹಳೇ ಟ್ಯೂಬು ಕತ್ತರಿಸಿ, ಎರಡು ಬೆರಳಗಲದ ಪಟ್ಟಿ ಮಾಡಿ, ತಿರುಪಿನ ಅಂಚಿನುದ್ದಕ್ಕೂ ತೂತು ಕೊರೆದು ತಂತಿಯಿಂದ ಹೊಲಿದಳು. ಬಟ್ಟೆಗೆ ಪಟ್ಟಿ ಹೊಲಿಯುವ ಹಾಗೆ, ಕಟ್ಟೆಯ ಮೇಲೆ ಕೂತು, ಮೂರು ಮಧ್ಯಾಹ್ನ. ಕಬ್ಬಿಣಕ್ಕೆ ಬದಲು ರಬ್ಬರ್ ತಾಗಿದರೆ ಕಾಳು ಒಡೆಯುವುದಿಲ್ಲ. ಅದು ಅಪ್ಪನಿಗೆ ಹೊಳೆದಿರಲಿಲ್ಲ. ನನಗಂತೂ ಹೊಳೆಯುವ ಮಾತೇ ಇಲ್ಲ. ಅವಳ ಪಕ್ಕದಲ್ಲಿ ಕೂತು ತಂತಿ ಕತ್ತರಿಸಿ ಕೊಡುವ ಆಸೆ ನನಗೆ ಎಷ್ಟಿತ್ತೆಂದರೆ, ಆ ಮೂರು ದಿನವೂ ನಾನು ಹಿತ್ತಲಿಗೆ ಹೋಗಿ ಕೂತಿದ್ದೆ.

ಮಳೆ ಬಂದದ್ದು ಅದಾದ ವಾರಕ್ಕೆ. ಕಣದ ತುಂಬ ಕಾಳು ಹರಡಿತ್ತು. ಶಾಲೆಯಿಂದ ಬರುವಾಗಲೇ ಗಾಳಿಯಲ್ಲಿ ಮಣ್ಣಿನ ವಾಸನೆ. ನಾನು ಚೀಲ ಎಸೆದು ಬಾಚುವ ಮರದ ಹಲಗೆ ಹುಡುಕಿದೆ. ಅಪ್ಪ ಬೇಡವೆಂದು ಕೈಯಾಡಿಸಿ ಟಿಲ್ಲರ್ ಸ್ಟಾರ್ಟ್ ಮಾಡಿದ. ಅತ್ತೆ ಕೊಳವೆಯ ಬಾಯಿಗೆ ಕಟ್ಟಿದ ಹಿಡಿಕೆ ಹಿಡಿದು ಪಕ್ಕದಲ್ಲೇ ನಡೆದಳು, ಕಾಳು ಎಲ್ಲಿ ಬೀಳಬೇಕೋ ಅಲ್ಲಿಗೆ ಅದನ್ನು ತಿರುಗಿಸುತ್ತ. ಹಳದಿ ಕಾಳು ಕಣದಿಂದ ಎದ್ದು, ಗಾಳಿಯಲ್ಲಿ ಬಿಲ್ಲಿನಂತೆ ಬಾಗಿ, ಪಡಸಾಲೆಯೊಳಗೆ ಗೋಡೆಗೆ ಬಡಿದು ಬೀಳುತ್ತಿತ್ತು. ಎಂಜಿನ್ ಸದ್ದಿಗಿಂತ ಕಾಳಿನ ಸದ್ದೇ ಜಾಸ್ತಿ. ಅಕ್ಕಪಕ್ಕದ ಕಣದವರು ತಮ್ಮ ಕೆಲಸ ಬಿಟ್ಟು ನೋಡಿದರು. ಕೊನೆಯ ಸಾಲು ಎತ್ತುವಾಗ ಹನಿ ಬಿತ್ತು. ಮುಗಿಯಿತು. ನಮ್ಮ ಕಣ ಕಸಬರಿಕೆಯಿಂದ ಗುಡಿಸಿದ ಹಾಗಿತ್ತು. ಅಪ್ಪ ಟಿಲ್ಲರನ್ನು ಅಲ್ಲೇ ಬಿಟ್ಟು ಪಕ್ಕದ ಕಣಕ್ಕೆ ಬಾಚಲು ಓಡಿದ, ಅವನ ಹಿಂದೆ ಅತ್ತೆ, ಅವಳ ಹಿಂದೆ ಅವ್ವ. ಅವ್ವನೂ ನಗುತ್ತಿದ್ದಳು. ಸಂಜೆ ಅವಳು ಮೆಣಸಿನಕಾಯಿ ಬಜ್ಜಿ ಕರಿದು, ಮೊದಲ ತಟ್ಟೆಯನ್ನು ತಾನೇ ಒಯ್ದು ಅತ್ತೆಯ ಮುಂದಿಟ್ಟಳು. ಸೊಂಟ ಮುಟ್ಟಿಕೊಂಡು "ಈ ವರ್ಷ ಉಳೀತವ್ವ" ಅಂದಳು. ನನ್ನ ಕಡೆಯವರು ಇನ್ನು ಯಾರೂ ಉಳಿಯಲಿಲ್ಲ. ಪಡಸಾಲೆಯಲ್ಲಿ ಎದೆಯೆತ್ತರ ಒಣಗಿದ ಕಾಳಿತ್ತು. ಅದರ ಆಚೆಗೆ ಕೂತು ನಾನು ಬಜ್ಜಿ ತಿಂದೆ.

ನ್ಯಾಮತಿಯ ಬೀಜದ ವ್ಯಾಪಾರಿಯೊಬ್ಬರು ನಮ್ಮ ಮೆಕ್ಕೆಜೋಳ ಕೊಳ್ಳುತ್ತಿದ್ದರು. ನ್ಯಾಮತಿ ಆಗಿನ್ನೂ ತಾಲ್ಲೂಕು ಆಗಿರಲಿಲ್ಲ. ಅವರು ಪ್ರತಿವರ್ಷ ರೈತರನ್ನು ಕರೆದು ಊಟ ಹಾಕಿಸಿ ಹೊಸ ಬೀಜ ತೋರಿಸುತ್ತಿದ್ದರು. ಆ ವರ್ಷ ನಮ್ಮ ಯಂತ್ರವನ್ನೂ ತರಲು ಹೇಳಿಕಳಿಸಿದರು. ಅವ್ವ ತಮ್ಮನ ಜೊತೆ ಮನೆಯಲ್ಲಿ ಉಳಿದಳು. ನಾವು ಮೂವರು ಟ್ರಾಕ್ಟರ್ ಟ್ರೇಲರಿನಲ್ಲಿ ಟಿಲ್ಲರ್ ಏರಿಸಿಕೊಂಡು ಹೋದೆವು. ಮೈದಾನದಲ್ಲಿ ಟಾರ್ಪಾಲಿನ ಮೇಲೆ ಜೋಳ ಹರಡಿದ್ದರು. ಅಪ್ಪ ಓಡಿಸಿದ, ಅತ್ತೆ ಕೊಳವೆ ಹಿಡಿದಳು, ಕಾಳು ಹಾರಿತು. ಜನ ಸುತ್ತ ಕೂಡಿದರು. ಊಟಕ್ಕೆ ಬಂದಿದ್ದ ಕೃಷಿ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ತಿರುಪಿನ ಹತ್ತಿರ ಬಗ್ಗಿ, ರಬ್ಬರ್ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ತಲೆ ಎತ್ತಿ ಕೇಳಿದರು:

"ಭಾಳ ಚಲೋ ಐಡಿಯಾ ಇದು. ಯಾರ ತಲೇರಿ ಇದು?"

ಅಪ್ಪ ಬಾಯಿ ತೆರೆದ. ಅವನ ತಲೆ ಅತ್ತೆಯ ಕಡೆ ತಿರುಗುತ್ತಿತ್ತು. ಅದನ್ನು ನಾನು ನೋಡಿದೆ. "ಅವಳದ್ದು ಅದು" ಎಂದು ಇಷ್ಟು ಜನರ ಮುಂದೆ ಇನ್ನೊಮ್ಮೆ ಹೇಳುತ್ತಾನೆ ಎಂದು ಗೊತ್ತಾಯಿತು.

"ನಮ್ಮಪ್ಪಂದು," ಅಂದೆ. "ಎಲ್ಲ ನಮ್ಮಪ್ಪನೇ ಮಾಡಿದ್ದು. ನಾನು ಪಾನಾ ಎತ್ತಿಕೊಟ್ಟೆ. ಅತ್ತೆ ಸುಮ್ಮನೆ ಕೊಳವೆ ಹಿಡೀತಾಳೆ."

ಜನ ನಕ್ಕರು, ಮಗುವಿನ ಮಾತಿಗೆ ನಗುವ ಹಾಗೆ. ಅಧಿಕಾರಿ ನನ್ನ ಕೆನ್ನೆ ತಟ್ಟಿ, ಅಪ್ಪನ ಕೈ ಕುಲುಕಿದರು. ಅಪ್ಪ ನನ್ನನ್ನು ನೋಡಿದ. ಅತ್ತೆಯನ್ನು ನೋಡಿದ. ಬಾಯಿ ಮುಚ್ಚಿದ. ಯಾರೋ ಫೋಟೊ ತೆಗೆದರು, ಯಂತ್ರದ ಮುಂದೆ ಅಪ್ಪ, ಅವನ ಬಲಗಡೆ ನಾನು. ಅತ್ತೆ ಹಿಡಿಕೆ ಬಿಟ್ಟು, ಫೋಟೊಗೆ ಅಡ್ಡವಾಗದಂತೆ ಹಿಂದಕ್ಕೆ ಸರಿದು, ಸೆರಗಿನಿಂದ ಕೈಯ ಗ್ರೀಸ್ ಒರೆಸಿಕೊಂಡಳು. ಅಪ್ಪ ಸುಮ್ಮನಿದ್ದನಲ್ಲ, ಅದನ್ನು ನಾನು ಅವನು ನನ್ನನ್ನು ಆರಿಸಿಕೊಂಡ ಎಂದೇ ತಿಳಿದೆ. ವಾಪಸ್ಸು ಬರುವಾಗ ಟ್ರೇಲರಿನಲ್ಲಿ ನಾನು ಒಳಗೊಳಗೇ ಹಾಡುತ್ತಿದ್ದೆ.

ಆಮೇಲೆ ಹೊನ್ನಾಳಿ ಕಡೆಯಿಂದ, ನಲ್ಲೂರಿನಿಂದ ಜನ ಬಂದು "ಬಸಣ್ಣನ ಮಿಷನ್" ನಮಗೂ ಬೇಕೆಂದರು. ಅಪ್ಪನ ಹೆಸರು ಬಸವರಾಜ. ಅತ್ತೆ ಎರಡು ಯಂತ್ರಗಳನ್ನು ಅಪ್ಪನ ಜೊತೆ ಕೂತು ಮಾಡಿಕೊಟ್ಟಳು. ಬಂದವರು ಅಪ್ಪನ ಜೊತೆ ಮಾತಾಡಿ, ಅತ್ತೆ ತಂದ ಟೀ ಕುಡಿದು ಹೋಗುತ್ತಿದ್ದರು. ಸಂಕ್ರಾಂತಿಗೆ ಮುಂಚೆ ಒಂದು ಬೆಳಗ್ಗೆ ಅವಳು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಟ್ರಂಕು ತಂದು ಪಡಸಾಲೆಯಲ್ಲಿಟ್ಟಳು.

"ಜಗಳೂರಿಗೆ ಹೋಗ್ತೀನಿ ಅಣ್ಣ. ಗಿರಣಿ ಕೇಳ್ತೀನಿ."

"ಕೊಡಲ್ಲ ಅವ್ರು."

"ಕೊಡೋವರೆಗೂ ಅದರ ಬಾಗಿಲಾಗೆ ಕೂತ್ಕೋತೀನಿ. ಅದು ನಾನು ನಡೆಸಿದ್ದು ಅಂತ ಊರಿಗೆಲ್ಲ ಗೊತ್ತೈತೆ. ಅಲ್ಲಿ ಅದನ್ನ ಯಾರೂ ಅಲ್ಲ ಅನ್ನಾಕೆ ಆಗಲ್ಲ."

ಅವ್ವ ಅತ್ತಳು, ನಿಜವಾಗಿಯೇ ಅತ್ತಳು. ಅಪ್ಪ ಟ್ರಂಕು ಹೊತ್ತು ಬಸ್ ನಿಲ್ದಾಣದವರೆಗೆ ಹೋದ. ನಾನು ಕಾಲಿಗೆ ಬಿದ್ದಾಗ ಅತ್ತೆ ನನ್ನ ಜಡೆಯನ್ನು ಹಿಡಿದು ನೋಡಿ, "ಸಡಿಲ ಐತೆ" ಎಂದಷ್ಟೇ ಹೇಳಿದಳು.

ನನ್ನ ಪದವಿ ನನಗೆ ವಾಪಸ್ಸು ಬಂತು. ಗೋಣಿಚೀಲ ಹಾಸಿ, ಪಾನಾ ಜೋಡಿಸಿ, ಬಲಗಡೆ ಕೂತೆ. ಮೊದಲ ದಿನವೇ ಅಪ್ಪ ಎಂಜಿನ್ ಒಳಗೆ ನೋಡುತ್ತಾ ಕೈ ಚಾಚಿದ. "ಗಿರಿಜಾ, ಹದಿನಾಲ್ಕು," ಅಂದ. ನಾನು ಕೊಟ್ಟೆ. ಹೆಸರು ತಪ್ಪಿತೆಂದು ಅವನಿಗೆ ತಿಳಿಯಲೂ ಇಲ್ಲ. ಆರು ತಿಂಗಳವರೆಗೂ ಹಾಗೇ ನಡೆಯಿತು. ಮನೆಯಲ್ಲಿಲ್ಲದವಳ ಮೇಲೆ ಇಷ್ಟು ಉರಿ ಬರಬಹುದೆಂದು ನನಗೆ ಆವರೆಗೆ ಗೊತ್ತಿರಲಿಲ್ಲ.

ಮುಂದೆ ನಾನು ಓದಿದೆ. ನ್ಯಾಮತಿಯಲ್ಲೇ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಕೆಲಸ ಸಿಕ್ಕಿತು. ಹೊಲ ತಮ್ಮ ನೋಡಿಕೊಂಡ. ಅತ್ತೆಗೆ ಗಿರಣಿ ಸಿಕ್ಕಿತೆಂದು ಕೇಳಿದ್ದೆ. ಬಾಗಿಲಲ್ಲಿ ಕೂತ ಹನ್ನೆರಡನೇ ದಿನಕ್ಕೆ ಊರಿನ ಹಿರಿಯರು ಮೈದುನನಿಂದ ಬೀಗದಕೈ ಕೊಡಿಸಿದರಂತೆ. ಹಬ್ಬಕ್ಕೆ ಕರೆದರೆ ಅವಳು ಬರುತ್ತಿರಲಿಲ್ಲ, ಗಿರಣಿ ನಿಲ್ಲಿಸಲು ಆಗಲ್ಲ ಎಂದು ಹೇಳಿಕಳಿಸುತ್ತಿದ್ದಳು. ನನ್ನ ಮದುವೆಗೂ ಒಂದು ಚೀಲ ಹಿಟ್ಟು ಮಾತ್ರ ಬಂತು. ಅಪ್ಪ ತೀರಿಕೊಂಡ ದಿನ ಬಂದಳು. ತಲೆಯೆಲ್ಲ ನೆರೆತಿತ್ತು. ಅವನ ತಲೆದೆಸೆಗೆ ಕೂತು ಹಣೆಗೆ ವಿಭೂತಿ ಹಚ್ಚಿ, ಮಣ್ಣಾಗುವವರೆಗೂ ಇದ್ದು, ಊಟ ಮಾಡದೆ ಬಸ್ ಹತ್ತಿದಳು. ನಾನು ಹತ್ತಿರ ಹೋಗಲಿಲ್ಲ. ಆದರೆ ಅದಾದ ಮೇಲೆ ನ್ಯಾಮತಿಯ ಆ ಮೈದಾನದ ಪಕ್ಕದಲ್ಲಿ ದಿನಾ ಶಾಲೆಗೆ ನಡೆದು ಹೋಗುವುದು ನನಗೆ ಕಷ್ಟವಾಗತೊಡಗಿತು. ಈ ವರ್ಷ ಬೇಸಿಗೆ ರಜೆಯಲ್ಲಿ ಜಗಳೂರಿಗೆ ಹೋದೆ.

ಗಿರಣಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಈಗ ಎರಡು ಕಲ್ಲು, ಒಂದು ಮೆಣಸಿನಪುಡಿಯ ಯಂತ್ರ. ಅತ್ತೆ ಸ್ಟೂಲಿನ ಮೇಲೆ ಕೂತು ಬೆಲ್ಟಿಗೆ, ಜಾರದಂತೆ, ರಾಳದ ಪುಡಿ ಹಾಕುತ್ತಿದ್ದಳು. ನನ್ನನ್ನು ಕಂಡು ಎಂಜಿನ್ ಆರಿಸಿದಳು. ಕಾಯುತ್ತಿದ್ದವರಿಗೆ "ಸ್ವಲ್ಪ ತಡೀರಿ, ನಮ್ಮಣ್ಣನ ಮಗಳು ಬಂದಾಳೆ" ಅಂದಳು. ನಾನು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಕೂರುವ ಮುಂಚೆಯೇ ಆಡಿ ಮುಗಿಸಿದೆ. ಸುಳ್ಳು ಹೇಳಿದ್ದು ಬೇಕೆಂದೇ ಎಂದೂ, ಅವಳ ಮೇಲಿನ ಹೊಟ್ಟೆಕಿಚ್ಚಿಗೆ ಹೇಳಿದ್ದೆಂದೂ ಹೇಳಿದೆ.

"ಗೊತ್ತೈತೆ," ಅಂದಳು. "ನಿಮ್ಮಪ್ಪ ಆವತ್ತೇ ಮನೇಗೆ ಬಂದಮ್ಯಾಲೆ ಹೇಳಿದ. ಅಷ್ಟು ಜನರ ಮುಂದೆ ಮಗಳನ್ನ ಸುಳ್ಳುಬುರುಕಿ ಮಾಡಾಕೆ ಬಾಯಿ ಬರಲಿಲ್ಲ ಗಿರಿಜಾ ಅಂತ. ಆಮೇಲೂ ವರ್ಷಕ್ಕೆ ನಾಕು ಸಲ ಇಲ್ಲಿಗೆ ಬರ್ತಿದ್ದ. ಬಂದಾಗೆಲ್ಲ ಅದೇ ಮಾತು."

"ಅಪ್ಪ ಇಲ್ಲಿಗೆ ಬರ್ತಿದ್ನಾ?"

"ಈ ಮೆಣಸಿನಪುಡಿ ಮಿಷನ್ನಿನ ಅಡಿಗಟ್ಟು ನಾವಿಬ್ಬರೂ ಸೇರಿ ಮಾಡಿದ್ದು. ನಿನಗೆ ದುರ್ಗದಾಗೆ ಕೆಲಸ ಐತೆ ಅಂತ ಹೇಳಿ ಬರ್ತಿದ್ದ. ನಿಮ್ಮವ್ವನೇ ರೊಟ್ಟಿ ಕಟ್ಟಿ ಕಳಿಸ್ತಿದ್ದಳು. ನಿನಗೆ ಹೇಳಿದ್ರೆ ನೊಂದ್ಕೋತೀಯ ಅಂತ ಹೇಳಿರಲಿಲ್ಲ ಅಷ್ಟೆ."

ಇಪ್ಪತ್ತೈದು ವರ್ಷಕ್ಕೂ ಹೆಚ್ಚು. ಅಪ್ಪ ಬೆಳಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಚಿತ್ರದುರ್ಗಕ್ಕೆಂದು ಹೊರಡುತ್ತಿದ್ದುದು, ಅವ್ವ ಕೈಗೆ ಗಂಟು ಕೊಡುತ್ತಿದ್ದುದು ನನ್ನ ಕಣ್ಣ ಮುಂದೆ ಬಂತು. ಕ್ಷಮೆ ಕೇಳಲು ಬಂದವಳು ನಾನು, ಆದರೆ ಆ ಯಂತ್ರದ ಅಡಿಗಟ್ಟನ್ನು ನೋಡುತ್ತ ಎದೆಯೊಳಗೆ ಎದ್ದದ್ದು ಹನ್ನೊಂದನೇ ವಯಸ್ಸಿನದೇ ಉರಿ. ಅದರ ಬೋಲ್ಟುಗಳನ್ನು ಅವನ ಕೈಗೆ ಯಾರು ಇಟ್ಟರು ಎಂದು ಯೋಚಿಸುತ್ತಿದ್ದೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ತಿಳಿಯಿತು.

"ನಿನಗೊಬ್ಬಳಿಗೇ ಹೊಟ್ಟೆ ಉರಿದದ್ದು ಅಂದ್ಕೊಂಡೀಯೇನು?" ಅಂದಳು. "ಆವತ್ತು ನ್ಯಾಮತಿಯಾಗೆ ನನಗೂ ಉರೀತು. ಹೆಸರು ಹೋತು ಅಂತಲ್ಲ. ಅವನಿಗೋಸ್ಕರ ಸುಳ್ಳು ಹೇಳಾಕೆ ಅವನ ಪಕ್ಕದಾಗೆ ನೀನಿದ್ದೆ. ನನ್ನ ಪಕ್ಕದಾಗೆ ನಿಜ ಹೇಳಾಕೂ ಯಾರೂ ಇರಲಿಲ್ಲ. ಅದಕ್ಕೇ ಬಂದುಬಿಟ್ಟೆ. ಇನ್ನೂ ಆರು ತಿಂಗಳು ಆ ಮನೇಲಿ ಇದ್ದಿದ್ರೆ ನಿನ್ನನ್ನ ನಾನು ದ್ವೇಷ ಮಾಡ್ತಿದ್ದೆ."

ಅಷ್ಟು ಹೇಳಿ ಎದ್ದು ಎಂಜಿನ್ ಹಾಕಿದಳು. ಕಾಯುತ್ತಿದ್ದ ಹೆಂಗಸು ಡಬ್ಬಿ ಮುಂದಕ್ಕೆ ಸರಿಸಿದಳು. ಆ ಸದ್ದಿನಲ್ಲಿ ಇನ್ನು ಮಾತಿಗೆ ಜಾಗವಿರಲಿಲ್ಲ. ನನಗೆ ಮೊದಲು ಆದದ್ದು ಹೆಮ್ಮೆ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಗಿರಿಜತ್ತೆಯಂಥವಳು ನನ್ನನ್ನು ಕಂಡು ಹೊಟ್ಟೆ ಉರಿದುಕೊಂಡಿದ್ದಳಲ್ಲ ಎಂಬ ಹೆಮ್ಮೆ. ನಾಚಿಕೆ ಬರಲು ಬಸ್ಸು ದಾವಣಗೆರೆ ಮುಟ್ಟಬೇಕಾಯಿತು.